ಬೀಗ ಹಾಕುವವರು

"ಎಡಕ್ಕೆ ನಲವತ್ತು, ಹದ್ದು," ಎಂದ ವರ್ಜಿಲ್.

ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಕೈಕೈ ಹಿಡಿದು ತಲೆ ಬಗ್ಗಿಸಿ ನಿಂತಿದ್ದ ತಡೆಗಾರರು ಮುಖ ಮುಖ ನೋಡಿಕೊಂಡರು. ತಂಡದಲ್ಲಿ ಆಟದ ಸನ್ನೆ ಹೇಳುವವನು ಅವನೊಬ್ಬನೇ. ಉಳಿದವರು ಕೇಳಿ ನಡೆಯುವವರು. ಆದರೆ ಅವರಲ್ಲಿ ಹದ್ದು ಎಂಬ ಸನ್ನೆಯೇ ಇರಲಿಲ್ಲ. ಅದು ಹಿಂದಿನ ಕಾಲೇಜು ತಂಡದ್ದು ಎಂದು ಅವನ ಎಡಗೈ ಹಿಡಿದಿದ್ದ ಕಾರ್ನೀಲಿಯಸ್‌ನಿಗೆ ಮಾತ್ರ ಗೊತ್ತು. ಇಬ್ಬರೂ ಅಲ್ಲಿಂದಲೇ ಜೊತೆಗಾರರು.

ಈಗಷ್ಟೇ ಓಟಗಾರನೊಬ್ಬನ ಮಂಡಿ ವರ್ಜಿಲ್‌ನ ಹೆಲ್ಮೆಟ್ಟಿಗೆ ಬಡಿದಿತ್ತು.

"ಏನಂದೆ?" ಎಂದ ಕಾರ್ನೀಲಿಯಸ್.

"ಕಿವಿ ಕೇಳ್ಸಲ್ವೇನೋ? ಹದ್ದು ಅಂದೆ."

"ಹೋದ ಸಲದ್ದೇ ಆಡ್ರಪ್ಪಾ," ಎಂದು ಕಾರ್ನೀಲಿಯಸ್ ಉಳಿದವರಿಗೆ ಮೆಲ್ಲಗೆ ಹೇಳಿದ. ಹಾಗೇ ಆಡಿ ಎದುರಾಳಿಯನ್ನು ತಡೆದರು. ಜನ ಸರಪಳಿಗೆ ಕಟ್ಟಿ ತಂದಿದ್ದ ತುಕ್ಕು ಬೀಗಗಳನ್ನು ಝಣಝಣ ಅಲ್ಲಾಡಿಸಿದರು. ಉಕ್ಕಿನ ಕಾರ್ಖಾನೆಯ ಊರು. ಈ ಹನ್ನೊಂದು ಮಂದಿಗೆ ಜನರಿಟ್ಟ ಹೆಸರೇ ಬೀಗ. ಈ ವರ್ಷ ಈ ಮೈದಾನದಲ್ಲಿ ಯಾರೂ ಒಂದು ಅಂಕವನ್ನೂ ಗಳಿಸಿರಲಿಲ್ಲ. ಇದು ಕೊನೆಯ ಆಟ, ಇನ್ನು ಉಳಿದದ್ದು ಎರಡೇ ನಿಮಿಷ.

"ನನ್ನ ತಲೆಗೆ ಪೆಟ್ಟಾದ್ರೂ ನೀನು ಬಾಯಿ ಬಿಡ್ಬೇಡ, ನೀಲಿ. ಬಿಟ್ರೆ ನನ್ನ ಜಾಗ ಆ ಹೊಸಬನ ಪಾಲು," ಎಂದು ವರ್ಜಿಲ್ ಹಿಂದೊಮ್ಮೆ ಕಾರ್ನೀಲಿಯಸ್‌ನಿಂದ ಮಾತು ತೆಗೆದುಕೊಂಡಿದ್ದ. ಕಾರ್ನೀಲಿಯಸ್ ಈ ವರ್ಷವೇ ಎರಡು ಸಲ ಅಂಥ ಪೆಟ್ಟನ್ನು ಮುಚ್ಚಿಟ್ಟಿದ್ದ. ಗೆಳೆತನ ಅಂದರೆ ಅದೇ ಎಂದುಕೊಂಡಿದ್ದ, ಪಾಪ.

ಮತ್ತೆ ಸುತ್ತುಗಟ್ಟಿದರು. "ಮಿಲ್ಟನ್ ಎಲ್ಲೋ?" ಎಂದ ವರ್ಜಿಲ್. ಮಿಲ್ಟನ್ ಕಾಲೇಜು ತಂಡದಲ್ಲಿದ್ದವನು; ಆಟ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರ್ನೀಲಿಯಸ್ ಗೆಳೆಯನ ಕಣ್ಣು ನೋಡಿದ. ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಇನ್ನೊಂದು ಪೆಟ್ಟು ಬಿದ್ದರೆ?

ಕಾರ್ನೀಲಿಯಸ್ ತನ್ನ ಮಂಡಿ ಹಿಡಿದುಕೊಂಡು ಅಲ್ಲೇ ಕುಸಿದ. ಸೀಟಿ ಮೊಳಗಿತು. ಡಾಕ್ಟರು ಓಡಿ ಬಂದರು.

"ಎಲ್ಲಿ ನೋವು?"

"ನಂಗೇನಿಲ್ಲ ಡಾಕ್ಟ್ರೇ. ವರ್ಜಿಲ್‌ನ ನೋಡಿ. ಎಲ್ಲಿದೀನಿ ಅಂತಾನೇ ಅವನಿಗೆ ಗೊತ್ತಿಲ್ಲ."

ವರ್ಜಿಲ್‌ಗೆ ಅಷ್ಟು ಮಾತ್ರ ಸರಿಯಾಗಿಯೇ ಅರ್ಥವಾಯಿತು. "ಜೊತೇಲಿ ಉಂಡೋನು ಕಣೋ ನೀನು," ಎಂದ.

ಇಬ್ಬರನ್ನೂ ಹೊರಗೆ ಕರೆತಂದರು. ಅವರಿಲ್ಲದ ಬೀಗ ಎರಡನೇ ಆಟಕ್ಕೇ ತೆರೆದುಕೊಂಡಿತು. ಎದುರಾಳಿ ಗೆರೆ ದಾಟಿ ಅಂಕ ಗಳಿಸಿದ. ಸರಪಳಿಗಳ ಸದ್ದು ನಿಂತೇಹೋಯಿತು. ಕೋಚ್ ಹ್ಯಾಗರ್ಟಿ ಬೆಂಚಿನ ಮುಂದೆ ಹಾದುಹೋಗುತ್ತಾ, "ಮಂಡಿ ಚೆನ್ನಾಗೇ ಇದ್ಯಲ್ಲಪ್ಪಾ ನಿಂದು," ಎಂದರು. ಕಾರ್ನೀಲಿಯಸ್‌ನಿಗೆ ತಾನು ಮಾಡಿದ್ದು ಸರಿ ಎಂದು ಗೊತ್ತಿದ್ದರೂ ತಲೆಯೆತ್ತಲಾಗಲಿಲ್ಲ.

ಡಾಕ್ಟರು ವರ್ಜಿಲ್‌ನ ಹೆಲ್ಮೆಟ್ಟನ್ನು ಕಿತ್ತಿಟ್ಟುಕೊಂಡು, ಹೆಗಲಿಗೆ ಕಂಬಳಿ ಹೊದಿಸಿ ಕೂರಿಸಿದ್ದರು. ಊರಂಚಿನ ಸರೋವರದ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ಕಂಬಳಿಯೊಳಗಿಂದ ಒಂದು ಕೈ ಹೊರಬಂದು ಪಕ್ಕದಲ್ಲಿ ತಡಕಾಡಿತು, ಕಾರ್ನೀಲಿಯಸ್‌ನ ಕೈ ಸಿಕ್ಕಿದ್ದೇ ಬಿಗಿಯಾಗಿ ಹಿಡಿಯಿತು. ವರ್ಜಿಲ್ ತಲೆ ಬಗ್ಗಿಸಿದ.

"ಎಡಕ್ಕೆ ನಲವತ್ತು, ಹದ್ದು."

"ಸರಿ," ಎಂದ ಕಾರ್ನೀಲಿಯಸ್, ತಾನೂ ತಲೆ ಬಗ್ಗಿಸಿ.