ಮೈನಸ್ ಯಾವುದು?

ತೆಕ್ಕಟ್ಟೆ ದಾಟುವಷ್ಟರಲ್ಲಿ ಮೀನಿನ ವ್ಯಾನಿನೊಳಗೆ ವೈರು ಸುಟ್ಟ ವಾಸನೆ ಬಂತು. ಜಲಜ ಗಾಡಿ ಬದಿಗೆ ಹಾಕಿ, ಕೀ ತೆಗೆದು, ಕೆಳಗಿಳಿದು ತನ್ನ ಸೀಟು ಎತ್ತಿದಳು. ಅಡಿಯಲ್ಲಿದ್ದ ಎರಡನೇ ಬ್ಯಾಟರಿಯ ವೈರಿನಿಂದ ಹೊಗೆ! ತಕ್ಕಡಿಗೂ ಲೈಟಿಗೂ ಅಂತ ಗಂಡ ಮುತ್ತ ತಾನೇ ಕೂರಿಸಿದ್ದು. ಕೀ ತೆಗೆದರೂ ಅದರ ಕರೆಂಟು ನಿಲ್ಲುವುದಿಲ್ಲ.

ಮುತ್ತ ಪಕ್ಕದ ಸೀಟಿನಲ್ಲೇ ಇದ್ದ. ಲಕ್ವ ಹೊಡೆದು ಏಳು ತಿಂಗಳು. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಏನು ಕೇಳಿದರೂ ‘ಹ್ಞಾಂ’ ಒಂದೇ. ತಿಳಿವೂ ಹೋಗಿದೆ ಎಂದೇ ಎಲ್ಲರ ಲೆಕ್ಕ. ಮನೆಯಲ್ಲಿ ನೋಡುವವರಿಲ್ಲವೆಂದು ಜಲಜ ಜೊತೆಗೇ ಕರೆತರುತ್ತಾಳೆ. ಹತ್ತಿಸಲು ನೆರೆಯ ಮೂವರು ಬೇಕು. ಬೆಂಕಿ ಹತ್ತಿದರೆ ಇವಳೊಬ್ಬಳಿಂದ ಇಳಿಸಲಾಗುತ್ತದೆಯೇ? ಕೈ ಅಡ್ಡ ಹಿಡಿದರೂ ಹೈವೇಯಲ್ಲಿ ಒಂದು ಗಾಡಿಯೂ ನಿಲ್ಲಲಿಲ್ಲ.

ಕೋಟದ ಮೆಕ್ಯಾನಿಕ್ ಪ್ರೇಮಾನಂದನಿಗೆ ಫೋನು ಮಾಡಿದಳು.

“ಹೆದ್ರ್‌ಬೇಡಿ ಜಲಜಕ್ಕ. ಕೈಯಂಗಿಪ್ಪ ಬಳಿ ತೆಗೀರಿ, ಸ್ಪ್ಯಾನರಿಗೆ ಬಟ್ಟಿ ಸುತ್ತಿ. ಮೊದ್ಲ್ ಮೈನಸ್ ಬಿಚ್ಚಿ. ಪ್ಲಸ್ ಬಿಚ್ಚುಕ್ ಹೋಯಿ ಸ್ಪ್ಯಾನರ್ ಗಾಡಿ ತಗಡಿಗೆ ತಾಗಿರೆ ಕಿಡಿ ಹಾರತ್ತ್!”

ಗಂಡ ಎದುರಿಗೆ ಕೂತಿರುವಾಗ ಬಳೆ ಕಳಚುವುದೇ, ಶಿವನೇ! ಕಳಚಿ ಅವನ ಮಡಿಲಿಗೇ ಹಾಕಿದಳು.

ಆದರೆ ಮೈನಸ್ ಯಾವುದು? ತಾನು ದುಡಿಯುತ್ತಿದ್ದ ದೋಣಿಯಲ್ಲಿ ಉಳಿದ ವೈರು ತಂದು ಹಾಕಿದ್ದ ಪುಣ್ಯಾತ್ಮ, ಎರಡೂ ಕಪ್ಪು. ಗುರುತು ನೋಡೋಣವೆಂದರೆ ಆಯುಧಪೂಜೆಗೆ ಇವಳೇ ಬಳಿದ ಕುಂಕುಮ ಎಣ್ಣೆ ಹಿಡಿದು ಎರಡು ಕಡೆಯೂ ಕಪ್ಪಗೆ ಗಟ್ಟಿಯಾಗಿದೆ. ನನ್ನ ಭಕ್ತಿಗಿಷ್ಟು! ಉಗುರಿನಿಂದ ಕೆರೆದಳು. ಅಡ್ಡಗೆರೆ ಕಂಡ ಹಾಗಾಯಿತು. ಉದ್ದಗೆರೆ ಉಂಟೋ ಇಲ್ಲವೋ ತಿಳಿಯಲಿಲ್ಲ.

“ಹ್ವಾಯ್, ಇದಾ ಮೈನಸ್?”

“ಹ್ಞಾಂ.”

“ಅಲ್ಲ, ಇದಾ?”

“ಹ್ಞಾಂ.”

“ಎರಡಕ್ಕೂ ಹ್ಞಾಂ ಅಂದ್ರೆ ನಾ ಎಂತ ಮಾಡೂದ್?” ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಹೊಗೆ ದಟ್ಟವಾಯಿತು. ಆದದ್ದಾಗಲಿ ಎಂದು ಎಡಗಡೆಯ ನಟ್ಟಿಗೆ ಸ್ಪ್ಯಾನರ್ ಒಡ್ಡಿದಳು. ಅಷ್ಟರಲ್ಲಿ ಮುತ್ತ ವಾಲಿಕೊಂಡು, ಎಡಗೈ ಚಾಚಿ, ಅವಳ ಮಣಿಕಟ್ಟನ್ನು ಉಡದ ಹಾಗೆ ಹಿಡಿದ. ಬಿಡಿಸಿಕೊಳ್ಳಲು ಹೋದರೆ ಇನ್ನೂ ಬಿಗಿ ಹಿಡಿದ. ಜಲಜ ಮೆಲ್ಲನೆ ಸ್ಪ್ಯಾನರನ್ನು ಬಲಗಡೆಯ ನಟ್ಟಿಗೆ ಸರಿಸಿದಳು. ಅವನು ಕೈ ಬಿಟ್ಟ.

ನಟ್ಟು ತಿರುಗಿತು. ವೈರು ಎಳೆದು ತುದಿಗೆ ಬಟ್ಟೆ ಸುತ್ತಿದಳು. ಹೊಗೆ ನಿಂತಿತು. ಆಮೇಲೆ ಎಡಗಡೆಯದನ್ನು ಬಿಚ್ಚುವಾಗ ಅವನು ತಡೆಯಲಿಲ್ಲ.

ಅಂದರೆ ಇವನಿಗೆ ಎಲ್ಲ ತಿಳಿಯುತ್ತದೆ! ತಿಳಿಯುವುದಿಲ್ಲವೆಂದು ಏಳು ತಿಂಗಳು ಇವನೆದುರೇ ನೆರೆಯವರ ಹತ್ತಿರ ಏನೇನು ಆಡಲಿಲ್ಲ ತಾನು! ‘ದೇವ್ರ್ ಬೇಗ ಕರ್ಕಂಡ್ರೆ ಸಾಕ್’ ಎಂದು ನಿನ್ನೆಯಷ್ಟೇ ಅಂದಿದ್ದಳು.

ಜಲಜಳಿಗೆ ಗಂಡನ ಮುಖ ನೋಡಲಾಗಲಿಲ್ಲ.