ಉಗುಳಬಾರದ ದಿನ

ಬಚ್ಚಲ ಕಲ್ಲಿನ ಮೇಲೆ ಕುಳಿತ ಅತ್ತೆಯವರು ತಂಬಿಗೆಯ ನೀರನ್ನು ಬಾಯಿಗೆ ತುಂಬಿಕೊಂಡು, ಗಲಗಲ ಮುಕ್ಕಳಿಸಿ ಉಗುಳಿದರು. ಕಲ್ಲಿನ ಮೇಲೆ ಕೆಂಪು ನೀರು ಹರಿಯಿತು. ಬಗ್ಗಿ ಅದನ್ನು ನೋಡಿದರು. ತಲೆ ಅಲ್ಲಾಡಿಸಿ ಮತ್ತೆ ತಂಬಿಗೆ ಎತ್ತಿದರು.

"ಅತ್ತ್ಯಾರ, ಸಾಕ್ರಿ. ಮುಕ್ಕಳಿಸಿದಷ್ಟೂ ಬರ್ತೈತ್ರಿ ಅದು."

ನನ್ನ ಮಾತು ಅವರ ಕಿವಿಗೆ ಬೀಳಲೇ ಇಲ್ಲವೇನೋ ಎಂಬಂತೆ ಮತ್ತೆ ಮುಕ್ಕಳಿಸಿದರು.

ಹಿಂದಿನ ದಿನ ಹುಬ್ಬಳ್ಳಿಯಲ್ಲಿ ಅವರ ಕೆಳದವಡೆಯ ಬುದ್ಧಿಹಲ್ಲು ಕೀಳಿಸಿಕೊಂಡು, ಯುದ್ಧಕ್ಕೆ ಹೊರಟ ಸಿಪಾಯಿಗಳಿಂದ ತುಂಬಿದ ರೈಲಿನಲ್ಲಿ ಯಲವಿಗಿಯವರೆಗೆ, ಅಲ್ಲಿಂದ ಚಕ್ಕಡಿಯಲ್ಲಿ ಸವಣೂರಿಗೆ ಬಂದಿದ್ದೆವು. ಡಾಕ್ಟರಿಗೆ ಕನ್ನಡ ಬಾರದು. ಹೇಳಬೇಕಾದದ್ದನ್ನು ಧಾರವಾಡದಲ್ಲಿ ಓದಿದ ನನಗೇ ಇಂಗ್ಲಿಷಿನಲ್ಲಿ ಹೇಳಿದ್ದರು. ಹಲ್ಲಿನ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಆ ಹೆಪ್ಪೇ ಔಷಧ. ಮರುದಿನ ಸಂಜೆಯವರೆಗೆ ಮುಕ್ಕಳಿಸಬಾರದು, ಉಗುಳಬಾರದು, ಬಿಸಿಯಾದದ್ದೇನೂ ಕೊಡಬಾರದು. ರಕ್ತ ಬಂದರೆ ಕುದಿಸಿದ ಬಟ್ಟೆಯನ್ನು ಮಡಿಚಿ ಕಚ್ಚಿಸಬೇಕು. ಅದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅತ್ತೆಯವರು ನನ್ನ ಮುಖವನ್ನೇ ದಿಟ್ಟಿಸಿದ್ದರು. ಉಗುಳಬೇಡ ಎಂದರೆ ರಕ್ತ ನುಂಗು ಎಂದಂತಲ್ಲವೇ? ಯಾವ ಡಾಕ್ಟರು ಹಾಗೆ ಹೇಳಿಯಾನು?

ಅವರ ಸಂಕಟ ನನಗೆ ತಿಳಿಯದ್ದಲ್ಲ. ಲಿಂಗಪೂಜೆಯಾಗದೆ ಅವರು ಗುಟುಕು ನೀರನ್ನೂ ಕುಡಿಯುವವರಲ್ಲ. ರಕ್ತದ ಬಾಯಿಯಲ್ಲಿ ಪೂಜೆಗೆ ಹೇಗೆ ಕುಳಿತಾರು? ಅದಕ್ಕೇ ಮುಕ್ಕಳಿಸುವುದು. ಮುಕ್ಕಳಿಸಿದರೆ ಹೆಪ್ಪು ಕಿತ್ತು ಮತ್ತೆ ರಕ್ತ. ಬಿಸಿಲು ಹಿತ್ತಲ ಗೋಡೆ ಇಳಿದು ಅಂಗಳಕ್ಕೆ ಬಂದಿತ್ತು. ನನ್ನ ಯಜಮಾನರು ಮಾಸೂರಿನ ಗದ್ದೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಅತ್ತೆಯವರ ತುಟಿ ಬೆಳ್ಳಗಾಗುತ್ತಿರುವುದು ನಿಜವೋ, ನನ್ನ ಭಯವೋ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ.

ಗೋಡೆಯಾಚೆಯಿಂದ ಪಕ್ಕದ ಮನೆಯ ಫಕ್ಕೀರವ್ವ ಇಣುಕಿ ಅತ್ತೆಯವರನ್ನು ಕೂಗಿದರು.

"ವೀರವ್ವಾ, ಸುಣ್ಣಾ ತಂಬಾಕ ತಿಕ್ಕಿ ಆ ತೂತಿನ್ಯಾಗ ತುಂಬವಾ. ಗಪ್ಪಂತ ನಿಂದರ್ತೈತಿ."

"ಬ್ಯಾಡ್ರಿ!" ನನ್ನ ದನಿ ನನಗೇ ಜೋರೆನಿಸಿತು. "ಹಸೀ ಗಾಯ ಐತ್ರಿ, ಸುಟ್ಟುಹೋಗ್ತೈತಿ."

"ಅಬಬಾ! ಧಾರವಾಡದಾಗ ಹಲ್ಲಿಂದೂ ಸಾಲಿ ಐತೇನ? ವೀರವ್ವಾ, ಬುದ್ಧಿಹಲ್ಲು ಕಿತ್ತಿದ್ದು ನಿಂದು, ಬುದ್ಧಿ ಬಂದದ್ದು ನಿನ್ನ ಸೊಸಿಗೆ!"

ಅತ್ತೆಯವರು ನಗಲಿಲ್ಲ. ಏಳಲು ಹೋದವರು ಗೋಡೆಗೆ ಕೈಯೂರಿ ನಿಂತುಬಿಟ್ಟರು. ಓಡಿಹೋಗಿ ಹಿಡಿದೆ. ಅಂಗೈ ತಣ್ಣಗಿತ್ತು. ಅತ್ತೆಯವರು ಹೀಗೇ ನನ್ನ ಕೈಯಲ್ಲಿ ಕುಸಿದರೆ? ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ಗೊತ್ತು. ನಾಳೆ ಅವರ ಮಗನೆದುರು ಏನೆಂದು ನಿಲ್ಲಲಿ?

ಇನ್ನು ಡಾಕ್ಟರ ಮಾತಿನಿಂದ ಉಪಯೋಗವಿರಲಿಲ್ಲ. ಅತ್ತೆಗೆ ಆಡಬಾರದ ಮಾತನ್ನು ಆಡಿದೆ.

"ಅತ್ತ್ಯಾರ, ನಾ ಈ ಮನೀಗೆ ಬಂದ ಹೊಸದಾಗಿ, ಮುಟ್ಟಾದಾಗ ಹೊರಗ ಹೋಗಿ ಕುಂತಿದ್ದೆ. ಹಾಸ್ಟೆಲಿನ್ಯಾಗ ಗೆಳತ್ಯಾರನ್ನ ನೋಡಿ ಕಲ್ತಿದ್ದೆ. ನೀವು ಬೈದು ಒಳಗ ಕರದ್ರಿ. ಲಿಂಗ ಕಟ್ಟಿದಾಕಿಗೆ ಎಲ್ಲೀ ಸೂತಕ, ಏಳು, ಪೂಜಿ ಮಾಡು ಅಂದ್ರಿ. ಆ ರಕ್ತಕ್ಕ ಇಲ್ಲದ ಸೂತಕ ಈ ರಕ್ತಕ್ಕ ಎಲ್ಲಿಂದ ಬಂತ್ರಿ?"

ಫಕ್ಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತೆಯವರ ಕಣ್ಣು ಕಿರಿದಾಯಿತು.

"ಭಾಳ ಬೆಳದೈತಿ ನಿನ್ನ ನಾಲಿಗಿ," ಎಂದರು, ಊದಿದ ಬಾಯಿಂದ ಮಾತು ಸರಿಯಾಗಿ ಹೊರಡದೆ. ನನ್ನ ತೋಳು ಹಿಡಿದು ಒಳಗೆ ಹೆಜ್ಜೆ ಹಾಕುತ್ತ, "ಮಣಿ ಹಾಕು," ಎಂದರು.

ಮಣೆ ಹಾಕಿದೆ. ವಿಭೂತಿ, ಪತ್ರಿ, ನೀರು ಇಟ್ಟೆ. ಅವರು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ನೆಟ್ಟರು. ತುಟಿಯ ಅಂಚಿನಲ್ಲಿ ಸಣ್ಣ ಕೆಂಪು ಗೆರೆ ಮೂಡುತ್ತಿತ್ತು. ಒರೆಸಲು ಕೈ ಎದ್ದಿತು, ಪೂಜೆಯ ನಡುವೆ ಮುಟ್ಟಲಾರದೆ ಹಿಂತೆಗೆದೆ.

ಕೊನೆಗೆ ತೀರ್ಥ. ಬಾಯಿಗೆ ಬಿಟ್ಟುಕೊಂಡರು. ಕೆನ್ನೆ ಉಬ್ಬಿತು, ಮುಖ ಹಿಂಡಿಕೊಂಡಿತು. ಬಾಯಿಯೊಳಗೆ ತೀರ್ಥದ ಜೊತೆ ಏನು ಬೆರೆತಿದೆಯೆಂದು ಇಬ್ಬರಿಗೂ ಗೊತ್ತಿತ್ತು. ತೀರ್ಥವನ್ನು ಉಗುಳುವಂತಿಲ್ಲ. ಅವರ ಕಣ್ಣು ಬಚ್ಚಲ ಕಡೆ ಹೋಯಿತು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ.

ನುಂಗಿದರು.

"ಪಾಪಾದ್ರ ನಿನ್ನ ಉಡಿಗೆ ಹಾಕ್ತೇನಿ," ಎಂದರು.

"ಹಾಕ್ರಿ," ಎಂದು, ಕುದಿಸಿ ಆರಿಸಿದ ಬಟ್ಟೆಯ ಮಡಿಕೆಯನ್ನು ಮುಂದೆ ಹಿಡಿದೆ. ತೀರ್ಥ ಇಳಿದ ಬಾಯಿಯಿಂದ ಅವರು ಆಮೇಲೆ ಉಗುಳಲಿಲ್ಲ. ಬಟ್ಟೆ ಕಚ್ಚಿಕೊಂಡು ಕಂಬಕ್ಕೊರಗಿ ಕುಳಿತರು. ನಾನೂ ಎದುರಿಗೆ ಕುಳಿತೆ. ಮೊದಲ ಬಟ್ಟೆ ತೊಯ್ದು ಬಂತು. ಇನ್ನೊಂದು ಕೊಟ್ಟೆ. ಬಿಸಿಲು ಅಂಗಳ ದಾಟುವ ಹೊತ್ತಿಗೆ ತೆಗೆದ ಬಟ್ಟೆಯಲ್ಲಿ ಉಗುರಿನಷ್ಟು ತಿಳಿಗೆಂಪು ಮಾತ್ರ ಇತ್ತು.

ಆರಿದ ಗಂಜಿಗೆ ಮಜ್ಜಿಗೆ ಬೆರೆಸಿ, ನೋವಿಲ್ಲದ ಮಗ್ಗುಲಿನಿಂದ ಚಮಚದಲ್ಲಿ ಹಾಕತೊಡಗಿದೆ. ಅರ್ಧ ಅವರ ಸೀರೆಯ ಮೇಲೆ ಚೆಲ್ಲಿತು.

"ಕೈ ಯಾಕ ನಡಗಾಕತ್ತಾವ ನಿನ್ನವು?" ಎಂದರು ಅತ್ತೆಯವರು. "ಹಲ್ಲು ಕಿತ್ತದ್ದು ನಂದು."

ನಾನು ಅವರ ತುಟಿಯ ಅಂಚಿನಿಂದ ಕಣ್ಣು ತೆಗೆಯದೆ ಇನ್ನೊಂದು ಚಮಚ ತುಂಬಿದೆ.