ದಾಕ್ಷಿ ಹೇಳದೆ ಉಳಿಸಿಕೊಂಡದ್ದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿದೆ. ಆದರೆ ಒಂಬತ್ತು ವರ್ಷದ ಮಗಳು ದಾಕ್ಷಾಯಣಿ ನನ್ನ ಜೊತೆ ಮಾತು ಬಿಟ್ಟು ತಿಂಗಳಾಗಿದೆ ಎಂಬುದು ಹೆಂಡತಿ ಹೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ. “ಹೂಂ, ಉಹೂಂ ಬಿಟ್ರ ನಿಮ್ಮ ಮುಂದ ಮೂರನೇ ಮಾತು ಆಡೂದಿಲ್ಲ ಆಕಿ. ನೀವ ಸರಿ ಮಾಡ್ಕೋರಿ,” ಅಂದಳು ನಾಗರತ್ನಾ. ಸರಿ, ಇಲ್ಲಿ ಗಲ್ಫಿನಲ್ಲಿ ರಜೆಯ ದಿನವಾದ ಶುಕ್ರವಾರ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೆಸಯೀದ್ ಪಟ್ಟಣ ದಾಟಿ ಕಡಲತೀರಕ್ಕೆ ಹೋದೆವು. ಹೇಗಾದರೂ ಮಾಡಿ ಮಗಳ ಬಾಯಿ ಬಿಡಿಸಬೇಕಿತ್ತು.

ಅಲ್ಲಿ ಒಣ ಉಸುಕು ಮೆತ್ತಗೆ, ಒದ್ದೆ ಉಸುಕು ಗಟ್ಟಿ. ನಮ್ಮ ಎರೆಭೂಮಿಯವರಿಗೆ ಇದು ಉಲ್ಟಾ. ಊರಲ್ಲಿ ನೆಲ ನೆನೆದರೆ ಚಕ್ಕಡಿಯೇ ಹೂತುಹೋಗುತ್ತದೆ. ಇದನ್ನು ಕಂಡುಹಿಡಿದ ಖುಷಿಯಲ್ಲಿ ಕಾರನ್ನು ನೀರಿನ ಹತ್ತಿರಕ್ಕೇ ಒಯ್ದು ನಿಲ್ಲಿಸಿದೆ. ಉಳಿದವರ ಕಾರುಗಳೆಲ್ಲ ದೂರ, ಮೇಲೆ ನಿಂತಿದ್ದವು. ಪಾಪ, ಅವರಿಗೆ ತಲೆ ಓಡಿಲ್ಲ ಅಂದುಕೊಂಡೆ!

ದಾಕ್ಷಿ ನೀರಂಚಿನಲ್ಲಿ ಉಸುಕಿನ ಮನೆ ಕಟ್ಟತೊಡಗಿದಳು. ಸ್ವಲ್ಪ ಹೊತ್ತಿಗೆ ಅದನ್ನು ಬಿಟ್ಟು ಹಿಂದೆ ಸರಿದು ಇನ್ನೊಂದು ಕಟ್ಟಿದಳು. ಆಮೇಲೆ ಮತ್ತೊಂದು.

“ಒಂದ್ ಕಡೆ ಸುಮ್ನ ಕುಂಡ್ರಾಕ ಬರೂದಿಲ್ಲೇನು ನಿನಗ?” ಎಂದು ಗದರಿದೆ. ಅವಳು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ನಾನು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಬಿಟ್ಟೆ.

ನಾಗರತ್ನಾ ಕೂಗಿದಾಗಲೇ ಎಚ್ಚರ. ನೀರು ಕಾರಿನ ಅರ್ಧ ಚಕ್ರಕ್ಕೆ ಬಂದಿತ್ತು! ಓಡಿಹೋಗಿ ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಕುಸಿಯಿತು. ಯಾರ್ಯಾರನ್ನೋ ಬೈದೆ, ಸಮುದ್ರವನ್ನೂ ಬೈದೆ. ಕೊನೆಗೆ ಮೂಲ್ಕಿ ಕಡೆಯ ಮೊಯ್ದಿನ್ ಎಂಬವರು ಜೀಪು ತಂದು, ಹಗ್ಗ ಕಟ್ಟಿ ಎಳೆದು ಮೇಲೆ ಹಾಕಿದರು.

“ಎಂಥ ಮಾರಾಯ್ರೆ, ಕಾರಿಗೆ ಸ್ನಾನ ಮಾಡಿಸ್ಲಿಕ್ಕೆ ಬಂದದ್ದಾ? ನೀರು ಏರುವ ಹೊತ್ತು ನೋಡ್ಬೇಕಲ್ವಾ?” ಎಂದು ನಕ್ಕು ಹೋದರು. ನನಗೆ ನೆಲವೇ ಬಾಯಿ ಬಿಡಬಾರದೇ ಅನಿಸಿತು.

ದಾಕ್ಷಿ ಮಾತ್ರ ಗಾಬರಿಯಾಗಿರಲಿಲ್ಲ. ನನಗೆ ಅನುಮಾನ ಬಂತು.

“ನೀರು ಬರೂದು ನಿನಗ ಗೊತ್ತಿತ್ತೇನು?”

“ಹೂಂ. ಟೈಡ್ ಬಗ್ಗೆ ಸ್ಕೂಲ್‌ನಾಗ ಹೇಳ್ಯಾರ.”

“ಮತ್ತ ಯಾಕ ಹೇಳಲಿಲ್ಲ?”

ಅವಳು ತಾಯಿಯ ಹಿಂದೆ ಸರಿದಳು. “ನೀವು ಬೈತೀರಿ.”

ಇನ್ನೊಂದು ದಿನವಾಗಿದ್ದರೆ ಆ ಮಾತಿಗೂ ಬೈಯುತ್ತಿದ್ದೆ. ಆದರೆ ನನ್ನ ಕೆಲಸವೇ ಸೇಫ್ಟಿ. ದಿನಾ ಬೆಳಿಗ್ಗೆ ಪ್ಲಾಂಟ್‌ನಲ್ಲಿ ನಲವತ್ತು ಜನರನ್ನು ನಿಲ್ಲಿಸಿ, ‘ತಪ್ಪು ಕಂಡರೆ ಕೈ ಎತ್ತಿ, ಕೆಲಸ ನಿಲ್ಲಿಸಿ, ಯಾರೂ ಬೈಯೋದಿಲ್ಲ’ ಎನ್ನುವವನು ನಾನು. ಯಾರಾದರೂ ಕಂಡೂ ಸುಮ್ಮನಿದ್ದರೆ ‘ಇವನು ಯಾರಿಗೆ ಹೆದರಿದ?’ ಎಂದು ಮೊದಲು ವಿಚಾರಿಸುತ್ತೇವೆ. ಹೆದರಿಸಿದವನ ಹೆಸರನ್ನೇ ವರದಿಯಲ್ಲಿ ಬರೆಯುತ್ತೇವೆ. ಎಷ್ಟೋ ಮೇಸ್ತ್ರಿಗಳ ಹೆಸರು ನಾನೇ ಬರೆದಿದ್ದೇನೆ. ನನಗೆ ಬಹಳ ನಾಚಿಕೆಯಾಯಿತು.

“ತಪ್ಪು ನಂದವ್ವ,” ಅಂದೆ. “ನಿಂದಲ್ಲ.”

ಅವಳು ನನ್ನನ್ನೇ ನೋಡಿದಳು, ನಂಬಲೋ ಬೇಡವೋ ಎಂದು. ಕಾರು ಹೊರಟ ಮೇಲೆ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು.

“ಅಪ್ಪಾ, ಇನ್ನೊಂದು ಹೇಳ್ಲಾ? ಬೈಬಾರ್ದು.”

“ಹೇಳು.”

“ನಿಮ್ಮ ಜೋಡಿ ಇವತ್ತ್ ಬರಾಕ ನನಗ ಮನಸಿರಲಿಲ್ಲ.”

ನಾಲಿಗೆಯವರೆಗೆ ಬಂದದ್ದನ್ನು ಹೇಗೋ ನುಂಗಿದೆ.

“ಆಯ್ತವ್ವ. ಇನ್ನೂ ಏನರ ಅದಾವೇನು?”

“ಭಾಳ ಅದಾವು,” ಅಂದಳು ದಾಕ್ಷಿ.

ನಾಗರತ್ನಾ ಕೈ ಚಾಚಿ, ಹಾಡುತ್ತಿದ್ದ ರೇಡಿಯೊ ಬಂದ್ ಮಾಡಿದಳು.